ಬರೆಯದೆ ಬಿಟ್ಟ ತಕರಾರು

ಮೊನ್ನೆ ಬೆಳಿಗ್ಗೆ ನಮ್ಮ ಬಾಗಿಲ ಸಂದಿಯಿಂದ ಒಂದು ಹಳದಿ ಕಾಗದ ಒಳಗೆ ಬಂದು ಬಿತ್ತು. ಜೋರಾಪುರ ಪೇಟೆಯ ನಮ್ಮ ಓಣಿಯ ಮೂಲೆಯಲ್ಲಿರುವ ಸಾರ್ವಜನಿಕ ನಳವನ್ನು ಕಿತ್ತು, ಅಲ್ಲಿ ಮೋಟಾರು ಗಾಡಿಗಳನ್ನು ನಿಲ್ಲಿಸಲು ಜಾಗ ಮಾಡುತ್ತಾರಂತೆ. ಯಾರದಾದರೂ ಆಕ್ಷೇಪಣೆ ಇದ್ದರೆ ಇಂಥ ದಿನ ಇಂಥ ಹೊತ್ತಿಗೆ ಬಂದು ಹೇಳಬಹುದಂತೆ. ಕೆಳಗೆ ತುಂಬಿಕೊಡಲು ಚುಕ್ಕಿಯ ಗೆರೆಗಳು: ಹೆಸರು, ತಂದೆ ಅಥವಾ ಗಂಡನ ಹೆಸರು, ವಿಳಾಸ. ನನ್ನ ಸೊಸೆ ಅದನ್ನು ಓದಿ, "ಮಾಮಾ, ನಮ್ಮ ಮನ್ಯಾಗ ನಳ ಐತಿ. ನಮಗ್ಯಾಕ್ರಿ ಇದರ ಉಸಾಬರಿ?" ಎಂದು ಮೇಜಿನ ಮೇಲಿಟ್ಟಳು. ಆಮೇಲೆ ಒಳಗಿನ ಖೋಲಿಯ ಕಡೆ ತಿರುಗಿ, "ಅಶೋಕಾ, ಚಾ ಆರಾಕತ್ತೈತಿ" ಎಂದು ಗಂಡನನ್ನು ಕೂಗಿದಳು.

ಎರಡೂ ಇಂದಿನ ಕಾಲದ ಸಾಧಾರಣ ಮಾತುಗಳು. ಆದರೆ ಆ ಕಾಗದದ ‘ಗಂಡನ ಹೆಸರು’ ಎಂಬ ಗೆರೆ ಕಣ್ಣಿಗೆ ಬಿದ್ದ ಕೂಡಲೇ ನನ್ನ ಕಿವಿ ಬಿಸಿಯಾದವು. ಅರವತ್ತು ವರ್ಷದ ಹಿಂದಿನ ಸಿಟ್ಟು ಇನ್ನೂ ಇಳಿದಿಲ್ಲವೆಂದರೆ ನೀವು ನಗುತ್ತೀರಿ. ನಗಿರಿ, ಬೇಡವೆನ್ನುವುದಿಲ್ಲ. ಸಿಟ್ಟು ಯಾರ ಮೇಲೆ ಎಂಬುದನ್ನು ಮಾತ್ರ ಪೂರ್ತಿ ಕೇಳಿ ಆಮೇಲೆ ನಗಿರಿ.

ನಾನಾಗ ವಿಜಾಪುರದ ಒಂದು ಕಚೇರಿಯಲ್ಲಿ ಕಾರಕೂನ. ಈಗ ವಿಜಯಪುರ ಅನ್ನುತ್ತಾರೆ. ನನ್ನ ನಾಲಿಗೆಗೆ ಇನ್ನೂ ವಿಜಾಪುರವೇ. ಸುತ್ತಲಿನ ಹಳ್ಳಿಗಳ ರಸ್ತೆ, ಬಾವಿ, ಶಾಲೆಯ ಕಟ್ಟಡಗಳನ್ನು ನೋಡಿಕೊಳ್ಳುವ, ಜನರೇ ಆರಿಸಿಕೊಟ್ಟ ಸದಸ್ಯರಿದ್ದ ಕಚೇರಿ ಅದು. ಅದರ ಹೆಸರನ್ನು ಹೇಳುವುದಿಲ್ಲ. ಹೆಸರು ಹೇಳದಿರುವುದು ನಮ್ಮ ಮನೆತನಕ್ಕೆ ಹೊಸದೂ ಅಲ್ಲ, ಅದು ಮುಂದೆ ಬರುತ್ತದೆ. ನಮ್ಮಲ್ಲಿ ಕುರಿ ಬಿಟ್ಟು ಕುರ್ಚಿಗೆ ಬಂದವನು ನಾನೇ ಮೊದಲು. ಬಿಳಿ ಅಂಗಿ, ಕಿಸೆಯಲ್ಲೊಂದು ಪೆನ್ನು, ಜೋರಾಪುರ ಪೇಟೆಯಲ್ಲಿ ಬಾಡಿಗೆಯ ಖೋಲಿ, ಹೊಸ ಸಂಸಾರ. ಮೈಮೇಲಿನ ಕಂಬಳಿಯ ವಾಸನೆ ಹೋಗಲೆಂದು ಸಬಕಾರವನ್ನು ಹಚ್ಚಿ ಹಚ್ಚಿ ಸವೆಸುತ್ತಿದ್ದೆ. ವಾಸನೆ ನನ್ನ ಮೂಗಿಗಷ್ಟೇ ಬರುತ್ತಿತ್ತು ಎಂಬುದು ಬೇರೆ ಮಾತು.

ಮುಂಬಯಿ ಸರಕಾರದ ಕಾಲದಲ್ಲಿ ನಮ್ಮ ಕಾಗದಪತ್ರಗಳು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತಿದ್ದವು. ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಎಲ್ಲವನ್ನೂ ಕನ್ನಡಕ್ಕೆ ತರುವ ಉಮೇದು. ಅಕ್ಷರ ದುಂಡಗಿವೆ ಎಂಬ ಒಂದೇ ಯೋಗ್ಯತೆಯ ಮೇಲೆ, ತಕರಾರು ಕೇಳುವ ಸಭೆಯ ನಿಯಮಗಳನ್ನು ಕನ್ನಡದಲ್ಲಿ ಬರೆಯುವ ಕೆಲಸ ನನಗೆ ಬಂತು. ಮೂಲದಲ್ಲಿ ಇದ್ದದ್ದು ಇಷ್ಟೇ. ಮಾತನಾಡುವವರು ಮೊದಲೇ ಚೀಟಿ ಕೊಡಬೇಕು. ಕರೆದಾಗ ಎದ್ದು ತಮ್ಮ ಹೆಸರು, ಊರು ಹೇಳಬೇಕು. ಅಧ್ಯಕ್ಷರ ಕಡೆ ಮುಖ ಮಾಡಿ ವಿಷಯದ ಮೇಲಷ್ಟೇ ಮಾತನಾಡಿ, ಗಂಟೆ ಬಾರಿಸಿದಾಗ ಕೂತುಕೊಳ್ಳಬೇಕು. ನನಗೆ ಇಷ್ಟು ಸಾಲಲಿಲ್ಲ. ಹಿಂದಿನ ಸಭೆಗೆ ಕನಮಡಿಯಿಂದ ಇಬ್ಬರು ಸಿದ್ದಪ್ಪರು ಬಂದಿದ್ದಾಗ, ಒಬ್ಬರ ತಕರಾರನ್ನು ಇನ್ನೊಬ್ಬರ ಹೆಸರಿಗೆ ಬರೆದು ನಾನು ಬೈಸಿಕೊಂಡಿದ್ದೆ. ಅದಕ್ಕೆ ಸ್ವಂತ ಬುದ್ಧಿಯಿಂದ ಒಂದು ಸಾಲು ಸೇರಿಸಿದೆ: ‘ಮಾತನಾಡುವವರು ತಮ್ಮ ತಂದೆಯ ಅಥವಾ ಗಂಡನ ಹೆಸರನ್ನು ಸ್ವತಃ ಬಾಯಿಯಿಂದ ಎಲ್ಲರಿಗೂ ಕೇಳುವಂತೆ ಹೇಳತಕ್ಕದ್ದು; ಹೇಳದವರ ಮಾತನ್ನು ದಾಖಲು ಮಾಡತಕ್ಕದ್ದಲ್ಲ.’

ಆ ಸಾಲಿನ ಮೇಲೆ ನನಗೆ ಎಷ್ಟು ಅಭಿಮಾನವೆಂದರೆ, ಮನೆಗೆ ತಂದು ಹೆಂಡತಿಗೆ ಓದಿ ತೋರಿಸಿದೆ. ಆಕೆ, "ಇದು ಗಂಡಸರ ಸಭಾ ಏನ್ರಿ?" ಎಂದಳು.

"ಎಲ್ಲಾರ್ದೂ," ಎಂದೆ ಹೆಮ್ಮೆಯಿಂದ.

ಆಕೆ ರೊಟ್ಟಿ ಬಡಿಯಲು ಹೋದಳು.

ಆಕೆ ಕೇಳಿದ್ದು ನನಗೆ ತಿಳಿಯಬೇಕಿತ್ತು. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಮ್ಮಪ್ಪನ ಹೆಸರು ಸೋಮಪ್ಪ. ನಮ್ಮವ್ವ ಜೀವಮಾನದಲ್ಲಿ ಸೋಮವಾರ ಅನ್ನಲಿಲ್ಲ, ‘ರವಿವಾರದ ಮರುದಿನ’ ಅನ್ನುತ್ತಿದ್ದಳು. ಸಂತೆಯ ಗದ್ದಲದಲ್ಲಿ ಗಂಡ ಕಾಣದಾದರೆ ಮಗನ ಹೆಸರು ಹಿಡಿದು ಕೂಗುವುದು, ಕೂಗಿದರೆ ಅಪ್ಪ ಮಗ ಇಬ್ಬರೂ ಓಡಿ ಬರುವುದು ನಡೆದೇ ಇತ್ತು. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹೇಳಲೇಬೇಕೆಂದು ಗೆಳತಿಯರು ಅಡ್ಡಗಟ್ಟಿದರೆ ಮಾತ್ರ ಒಡಪು ಕಟ್ಟುವರು. ನಾಲ್ಕು ಸಾಲು ಪ್ರಾಸ ಹೊಂದಿಸಿ, ಕಟ್ಟಕಡೆಗೆ ಗಂಡನ ಹೆಸರನ್ನು ತಂದಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವರು. ಈ ಪದ್ಧತಿ ಸರಿಯೋ ತಪ್ಪೋ, ಆ ವಾದ ಬೇರೆ. ಇಂಥ ಮನೆಯಲ್ಲಿ ಬೆಳೆದವನು ಅಂಥ ನಿಯಮ ಬರೆದದ್ದು ಹೇಗೆ ಎಂಬುದು ನನ್ನ ಪ್ರಶ್ನೆ. ‘ಮಾತನಾಡುವವರು’ ಎಂದು ಬರೆಯುವಾಗ ನನ್ನ ಕಣ್ಣಮುಂದಿದ್ದವರು ಇಬ್ಬರು ಸಿದ್ದಪ್ಪರು ಮಾತ್ರ. ‘ಗಂಡನ’ ಎಂಬ ಶಬ್ದವನ್ನು ಬರೆದದ್ದು ಕೈ. ತಲೆ ಆಗ ಬೇರೆಲ್ಲೋ ಇತ್ತು.

ನಮ್ಮೂರು ಬಬಲೇಶ್ವರ ದಾಟಿ ಕಾಖಂಡಕಿಯ ಕಡೆ ಹೋಗುವಾಗ ಒಳಗೆ ಹೊರಳಿದರೆ ಸಿಗುವ ಸಣ್ಣ ಹಳ್ಳಿ. ಡೋಣಿ ಹೊಳೆಯ ನೀರು ಉಪ್ಪು. ಹೊಳೆಗೆ ಹತ್ತಿರದ ಬಾವಿಗಳ ನೀರೂ ಹಾಗೇ. ಅದರಲ್ಲಿ ಬೇಳೆ ಬೇಯುವುದಿಲ್ಲ, ಅದನ್ನು ಕುಡಿದರೆ ದಾಹ ಹೋಗುವುದಿಲ್ಲ. ನಮ್ಮ ಓಣಿಯ ತುದಿಯಲ್ಲಿ ಮಾತ್ರ ಒಂದು ಸಿಹಿನೀರಿನ ಬಾವಿಯಿತ್ತು. ಅದರ ಸುತ್ತಲಿನ ಬಯಲಿನಲ್ಲಿ ಬೀಜ, ಗೊಬ್ಬರ ಇಡುವ ಗೋದಾಮು ಕಟ್ಟಿ, ಬಾವಿಯನ್ನೂ ಒಳಗೆ ಹಾಕಿಕೊಂಡು ಗೋಡೆ ಎಬ್ಬಿಸಬೇಕೆಂದು ನಮ್ಮ ಕಚೇರಿಯಲ್ಲಿ ಠರಾವಾಯಿತು. ತಕರಾರಿದ್ದವರು ಬಂದು ಹೇಳಬೇಕೆಂದು ನೋಟೀಸು ಹಚ್ಚಿದರು. ಎಲ್ಲಿ ಹಚ್ಚಿದರು? ವಿಜಾಪುರದಲ್ಲಿ, ನಮ್ಮ ಕಚೇರಿಯ ಬಾಗಿಲಿಗೆ! ತಲೆಯ ಮೇಲೆ ಕೊಡ ಹೊತ್ತ ಹೆಣ್ಣುಮಗಳು ಅಷ್ಟು ದೂರದಿಂದ ದಿನಾ ಬಂದು ನಮ್ಮ ಬಾಗಿಲು ಓದಿಕೊಂಡು ಹೋಗಬೇಕಿತ್ತೇನು? ಬಂದರೂ ಓದುವವರು ಯಾರು? ಇನ್ನು ಸಭೆಯ ಹೊತ್ತೋ, ಆ ಕಡೆಯ ಬಸ್ಸು ವಿಜಾಪುರ ಮುಟ್ಟುವುದರೊಳಗೆ ಅರ್ಧ ಮುಗಿದಿರುತ್ತಿತ್ತು. ಇಷ್ಟೆಲ್ಲ ಅಡ್ಡಗಾಲು ಹಾಕಿ, ಕಡೆಗೆ ‘ಜನರಿಂದ ತಕರಾರು ಬಂದಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವುದು ನಮ್ಮ ಪದ್ಧತಿಯಾಗಿತ್ತು.

ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಊರಿಗೆ ಹೋದಾಗ ದೊಡ್ಡವ್ವನ ಕಿವಿಗೆ ಈ ಸುದ್ದಿ ಹಾಕಿದ್ದು. ದೊಡ್ಡವ್ವ ಅಂದರೆ ನಮ್ಮಪ್ಪನ ಅಣ್ಣನ ಹೆಂಡತಿ, ಗಂಗವ್ವ. ನಮ್ಮವ್ವ ಹೊಲಕ್ಕೆ ಹೋದಾಗ ನನ್ನನ್ನು ಉಣಿಸಿ ಮಲಗಿಸಿ ದೊಡ್ಡವನನ್ನಾಗಿ ಮಾಡಿದಾಕೆ. ದೊಡ್ಡಪ್ಪ ಆಗ ಕುರಿಯ ಹಿಂಡು ಹೊಡೆದುಕೊಂಡು ಕೃಷ್ಣಾ ಹೊಳೆಯ ಕಡೆ ಹೋಗಿದ್ದ; ಸದ್ಯಕ್ಕೆ ಬರುವಂತಿರಲಿಲ್ಲ.

"ಗಂಡಸರು ಕುರಿ ಹಿಂದ ಹೋಗ್ಯಾರ," ಎಂದಳು ದೊಡ್ಡವ್ವ. "ನಾನ ಬರ್ತೇನಿ ತಮ್ಮಾ. ನೀರು ಹೊರಾಕಿ ನಾನು, ಹೇಳಾಕಿನೂ ನಾನ ಆಗಬೇಕು. ಅಲ್ಲೆ ಹ್ಯಾಂಗ ಮಾತಾಡಬೇಕು, ಅಷ್ಟು ಹೇಳಿಕೊಡು."

ಹೇಳಿಕೊಟ್ಟೆ. ಚೀಟಿ ನಾನು ಬರೆದುಕೊಡುತ್ತೇನೆ, ಕರೆದಾಗ ಎದ್ದು ನಿಲ್ಲು, ಅಧ್ಯಕ್ಷರನ್ನು ನೋಡಿ ಮಾತನಾಡು, ಬೈಯಬೇಡ, ಅಳಬೇಡ, ಬಾವಿಯ ಮಾತು ಬಿಟ್ಟು ಬೇರೆ ಎತ್ತಬೇಡ. ಎಲ್ಲವನ್ನೂ ಹೇಳಿಕೊಟ್ಟವನು ಹೆಸರಿನ ಆ ಒಂದು ನಿಯಮವನ್ನು ಹೇಳಲು ಮರೆತೆ. ದೊಡ್ಡವ್ವ ಓಣಿಯ ಹೆಂಗಸರನ್ನು ಕಟ್ಟೆಯ ಮೇಲೆ ಕೂಡಿಸಿ, ತಾನು ಎದುರಿಗೆ ನಿಂತು ಮಾತನಾಡಿ ರೂಢಿ ಮಾಡಿಕೊಂಡಳು. ಎಷ್ಟು ಮನೆಯವರು ಆ ಬಾವಿಯ ನೀರು ಕುಡಿಯುತ್ತಾರೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಹೊಳೆಯ ಕಡೆಯ ಬಾವಿಗೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯುತ್ತದೆ, ಗೋದಾಮಿಗೆ ಬೇರೆ ಜಾಗ ಎಲ್ಲಿದೆ, ಎಲ್ಲ ಬಾಯಿಪಾಠ.

ಬಸ್ಸು ತಪ್ಪೀತೆಂದು ಹಿಂದಿನ ದಿನವೇ ಬಂದು ನಮ್ಮ ಖೋಲಿಯಲ್ಲಿ ಇಳಿದಳು. ಬೆಳಿಗ್ಗೆ ನಾನು, "ನೀ ಹಿಂದಿಂದ ಬಾ ದೊಡ್ಡವ್ವಾ, ನನಗ ಕೆಲಸ ಐತಿ" ಎಂದು ಮುಂದೆ ಹೊರಟುಬಿಟ್ಟೆ. ಕೆಲಸ ಏನೂ ಇರಲಿಲ್ಲ. ಕಂಬಳಿ ಹೊದ್ದ ಹೆಂಗಸಿನ ಜೊತೆ ಕಚೇರಿಗೆ ಹೋಗಲು ನಾಚಿಕೆಯಾಗಿತ್ತು. ಬರೆಯುವಾಗ ಈಗಲೂ ಕೈ ಹಿಂದೆ ಸರಿಯುತ್ತದೆ, ಆದರೂ ಬರೆಯಲೇಬೇಕು.

ಸಭೆಯಲ್ಲಿ ಮೊದಲು ಎದ್ದವರು ಟಿಕೋಟಾ ಕಡೆಯ ಒಬ್ಬ ಸಾವಕಾರರು. ವಿಷಯ ಬೇರೆ ಯಾವುದೋ ರಸ್ತೆ. ಅವರು ರಸ್ತೆಯನ್ನು ಬಿಟ್ಟು ಅಧ್ಯಕ್ಷರ ಉದಾರ ಗುಣ, ಅಧ್ಯಕ್ಷರ ತಂದೆಯವರ ಉದಾರ ಗುಣ ಎಲ್ಲವನ್ನೂ ಸಾವಕಾಶವಾಗಿ ವರ್ಣಿಸಿದರು. ಮೇಜಿನ ಮೇಲಿನ ಗಂಟೆ ಸುಮ್ಮನೆ ಕೂತಿತ್ತು. ಅಧ್ಯಕ್ಷರು ಎಲೆ ಅಡಿಕೆ ಹಾಕಿಕೊಂಡು ತಲೆದೂಗಿದರು. ಆಮೇಲೆ ಶಿಪಾಯಿ, ‘ಗಂಗವ್ವ’ ಎಂದು ಕರೆದ.

ದೊಡ್ಡವ್ವ ಎದ್ದು ಕೈಮುಗಿದಳು. "ನಮಸ್ಕಾರ್ರಿ ಸಾಹೇಬರ. ನಾ ಗಂಗವ್ವ. ನಮ್ಮ ಓಣ್ಯಾಗ ಒಂದು ಬಾಂವಿ..."

"ತಡೀರಿ, ತಡೀರಿ," ಎಂದರು ಅಧ್ಯಕ್ಷರು, ನನ್ನ ದುಂಡಕ್ಷರದ ಹಾಳೆಯ ಮೇಲೆ ಬೆರಳಿಟ್ಟು. "ಮೊದಲಿಗೆ ಗಂಡನ ಹೆಸರು ಹೇಳ್ರಿ."

ದೊಡ್ಡವ್ವ ಚೀಟಿಯ ಕಡೆ ಕೈ ತೋರಿಸಿದಳು. "ಚೀಟ್ಯಾಗ ಬರಿಸೇನ್ರಿ."

"ಚೀಟ್ಯಾಗಿಂದು ನಡ್ಯೂದಿಲ್ಲ. ಬಾಯಿಲೆ ಹೇಳಬೇಕು. ನಿಯಮ ಐತಿ."

"ಇಷ್ಟು ಮಂದ್ಯಾಗ ಹ್ಯಾಂಗ ಹೇಳಲಿ ಯಪ್ಪಾ?"

ಸಭೆಯಲ್ಲಿ ನಗು ಎದ್ದಿತು. ಸದಸ್ಯರೊಬ್ಬರು, "ಒಡಪು ಹಾಕಿ ಹೇಳಾಕ ಹಚ್ಚರಿ!" ಎಂದರು. ಅಧ್ಯಕ್ಷರು ಕುರ್ಚಿಗೆ ಒರಗಿದರು. "ಹೇಳವ್ವಾ, ಒಡಪ ಹೇಳು. ನಾವೂ ಕೇಳಿ ಭಾಳ ದಿನಾ ಆತು."

ದೊಡ್ಡವ್ವ ನನ್ನ ಕಡೆ ನೋಡಿದಳು. ನಾನು ದೌತಿಯೊಳಗಿನ ಮಸಿಯನ್ನು ನೋಡಿದೆ. ಆ ಹೆಸರು ನನಗೆ ಗೊತ್ತಿರಲಿಲ್ಲವೇ? ಸ್ವಂತ ದೊಡ್ಡಪ್ಪನ ಹೆಸರು! ನಿಯಮ ಬರೆದ ನಾನೇ ಎದ್ದು ನಿಂತು, ‘ಸಾಹೇಬರ, ಈಕಿ ನಮ್ಮ ದೊಡ್ಡವ್ವ, ಹೆಸರು ನಾ ಹೇಳ್ತೇನಿ’ ಎಂದಿದ್ದರೆ ಮುಗಿಯುತ್ತಿತ್ತು. ಒಂದು ಸಾಲಿನ ಮಾತು. ನಾನು ಮಸಿಯನ್ನೇ ನೋಡುತ್ತ ಕೂತೆ. ದೊಡ್ಡವ್ವ ಒಂದು ಕ್ಷಣ ಕಣ್ಣು ಮುಚ್ಚಿ, ತೆರೆದು, ನೆಟ್ಟಗೆ ನಿಂತು ಹೇಳಿದಳು:

"ಡೋಣಿ ನೀರು ಉಪ್ಪು, ಹಳ್ಳದ ನೀರು ಸಪ್ಪ,
ಓಣಿ ಬಾಂವಿ ಸಿಹಿನೀರಿಗಿ ಗ್ವಾಡಿ ಕಟ್ಟೂದು ತಪ್ಪ,
ಕೊಡಾ ಹೊತ್ತ ಹೆಣಮಕ್ಕಳು ಎಲ್ಲಿಗಿ ಹೋಗಬೇಕಪ್ಪ?
ಕೇಳಾಕ ಬಂದಾಕಿ ನಾನು, ನನ್ನ ಮನಿಯವರು ಬೀರಪ್ಪ."

ನಿಮ್ಮಾಣೆ, ಅಲ್ಲಿಯೇ ನಿಂತ ಕಾಲಲ್ಲಿ ಕಟ್ಟಿದ್ದು. ತಕರಾರು ಪೂರ್ತಿ ಅದರಲ್ಲಿತ್ತು. ಬಾವಿ ಎಲ್ಲಿಯದು, ನೀರು ಎಂಥದು, ತಪ್ಪು ಯಾವುದು, ತೊಂದರೆ ಯಾರಿಗೆ, ಕೇಳುವವಳು ಯಾರು. ವಕೀಲರು ನಾಲ್ಕು ಹಾಳೆ ತುಂಬಿಸಿದರೂ ಇದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. "ಭಲೇ ಗಂಗವ್ವಾ!" ಎಂದರು. "ಇನ್ನೊಂದು ಆಗಲಿ" ಎಂದರು. ಒಬ್ಬರಾದರೂ ಆ ನಾಲ್ಕು ಸಾಲುಗಳಲ್ಲಿ ಕೊನೆಯ ಹೆಸರನ್ನು ಬಿಟ್ಟು ಮತ್ತೇನನ್ನೂ ಕೇಳಿಸಿಕೊಳ್ಳಲಿಲ್ಲ.

"ಇನ್ನೊಂದ್ಯಾಕ್ರಿ?" ಎಂದಳು ದೊಡ್ಡವ್ವ. ಆಕೆಯ ದನಿ ಈಗ ಗಟ್ಟಿಯಾಗಿತ್ತು. "ನಾ ಆಡಾಕ ಬಂದಿಲ್ರಿ. ಹೆಸರು ಹೇಳೇನಿ. ಇನ್ನ ಬಾಂವಿ ಮಾತು ಕೇಳ್ರಿ. ನಮ್ಮ ಓಣ್ಯಾಗ..."

ಅಧ್ಯಕ್ಷರು ಗಂಟೆ ಬಾರಿಸಿದರು. "ವ್ಯಾಳೆ ಮುಗೀತವ್ವಾ. ಕೂಡ್ರು. ಮುಂದಿನವರನ್ನ ಕರೀರಿ."

ಅಷ್ಟರಲ್ಲಿ ನಾನು ಟಾಕನ್ನು ಮಸಿಯಲ್ಲಿ ಅದ್ದಿ ಮೊದಲ ಸಾಲನ್ನು ಬರೆದಿದ್ದೆ. ಅಧ್ಯಕ್ಷರು ಬಗ್ಗಿ ನೋಡಿ, "ಅದನ್ನೇನು ಬರೀತಿ? ಒಡಪು ಅಂದ್ರ ತಕರಾರೇನು? ಹೊಡದ ಹಾಕು," ಎಂದರು. ನಾನು ಅಡ್ಡಗೆರೆ ಎಳೆದೆ. ಅದರ ಕೆಳಗೆ, ಬಹಳ ದುಂಡಾದ ಅಕ್ಷರಗಳಲ್ಲಿ ಬರೆದೆ: ‘ಗಂಗವ್ವ. ಹಾಜರಿದ್ದರು. ತಕರಾರು ಹೇಳಲಿಲ್ಲ.’

ಹೇಳಲಿಲ್ಲವಂತೆ! ಹೆಸರು ಹೇಳದಿದ್ದರೆ ಮಾತು ದಾಖಲಾಗುವುದಿಲ್ಲ. ಹೆಸರು ಹೇಳಿದರೆ ಅದು ಒಡಪಾಗುತ್ತದೆ, ಆದ್ದರಿಂದ ದಾಖಲಾಗುವುದಿಲ್ಲ. ಒಡಪು ಮುಗಿಸಿ ಮಾತಿಗೆ ಬಂದರೆ ಹೊತ್ತು ಮುಗಿದಿರುತ್ತದೆ. ಯಾವ ಕಡೆಯಿಂದ ಬಂದರೂ ಬಾಗಿಲು ಹಾಕಿದೆ, ಹೊರಗೆ ಮಾತ್ರ ‘ಎಲ್ಲರಿಗೂ ಸ್ವಾಗತ’ ಎಂಬ ಹಲಗೆ. ಆ ಅಧ್ಯಕ್ಷರು ದುಷ್ಟರೇನಲ್ಲ. ಮನೆಯಲ್ಲಿ ಅವರ ಹೆಂಡತಿಯೂ ಅವರ ಹೆಸರು ಹೇಳುತ್ತಿರಲಿಲ್ಲ. ಹೇಳಿದ್ದರೆ ಅವರು ಸುಮ್ಮನಿರುತ್ತಲೂ ಇರಲಿಲ್ಲ! ಮನೆಯಲ್ಲಿ ಹೇಳಿದರೆ ತಪ್ಪು, ಕಚೇರಿಯಲ್ಲಿ ಹೇಳದಿದ್ದರೆ ತಪ್ಪು. ಹೆಣ್ಣುಮಗಳು ಬಾಯಿ ತೆರೆಯುವುದಾದರೂ ಎಲ್ಲಿ? ನಾನು ಅವರನ್ನು ಬೈಯುತ್ತೇನೆ, ನಕ್ಕ ಸದಸ್ಯರನ್ನು ಬೈಯುತ್ತೇನೆ. ಆದರೆ ಬಾಗಿಲಿಗೆ ಕೀಲಿ ಮಾಡಿಕೊಟ್ಟವನು ನಾನು.

ಹೊರಗೆ ಜಗುಲಿಯಲ್ಲಿ ದೊಡ್ಡವ್ವ ನನಗಾಗಿ ಕಾಯುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನಕ್ಕರ ನಗಲಿ ಬಿಡು. ನಾ ಹೇಳಿದ್ದು ಬರಕೊಂಡಿಯಲ್ಲ ತಮ್ಮಾ?"

"ಹೂಂ, ಬರಕೊಂಡೇನಿ ದೊಡ್ಡವ್ವಾ."

"ಹಂಗಾದ್ರ ಆತು. ಅಲ್ಲೆ ನಮ್ಮಾಂವ ಒಬ್ಬಾಂವ ಇದ್ದಿ ಅಂತ ನಾ ಧೈರ್ಯಾ ಮಾಡಿ ನಿಂತೆ," ಎಂದು ನನ್ನ ಕೆನ್ನೆ ಸವರಿ, ಬಸ್ಸು ಹಿಡಿಯಲು ಹೊರಟಳು. ಊರಿಗೆ ಹೋದವಳು ಕೊಡ ಹಿಡಿದು ಕಾಯುತ್ತಿದ್ದ ಹೆಂಗಸರಿಗೆಲ್ಲ, ನಮ್ಮ ಹುಡುಗ ದಫ್ತರದಲ್ಲಿ ಬರೆದುಕೊಂಡಿದ್ದಾನೆ, ಇನ್ನು ಹೆದರಿಕೆಯಿಲ್ಲ ಎಂದು ಹೇಳಿದಳಂತೆ.

ಗೋಡೆ ಎದ್ದಿತು. ಜನರಿಂದ ತಕರಾರು ಇಲ್ಲದ ಕೆಲಸ, ಬಹಳ ಬೇಗ ಮುಗಿಯಿತು. ಬಾವಿ ಒಳಗೆ ಹೋಯಿತು, ಗೇಟಿಗೆ ಬೀಗ ಬಿತ್ತು. ನಾನು ಏನೇನೋ ನೆವ ಹೇಳಿ ಬಹಳ ದಿನ ಊರಿನ ಕಡೆ ಹೋಗಲಿಲ್ಲ. ಹೋದಾಗ ದೊಡ್ಡವ್ವ ಎಂದಿನಂತೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದಿಟ್ಟಳು. ನೀರು ಬಾಯಿಗೆ ಬಿದ್ದ ಕೂಡಲೇ ಗೊತ್ತಾಯಿತು: ಹೊಳೆಯ ಕಡೆಯ ಬಾವಿಯದು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ದೊಡ್ಡವ್ವ ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಬೆಲ್ಲ ಕಡ್ಕೊಂಡು ಕುಡಿ ತಮ್ಮಾ, ಉಪ್ಪು ತಿಳ್ಯೂದಿಲ್ಲ," ಎಂದಳು. ಆಮೇಲೆ ನನ್ನನ್ನು ಸಮಾಧಾನ ಮಾಡುವವಳ ಹಾಗೆ, "ನಿಂದೇನು ತಪ್ಪಿಲ್ಲ. ನೀ ಬರಕೊಂಡಿದ್ದಿ. ಅವರು ಓದಲಿಲ್ಲ," ಎಂದಳು.

ನೀರು ಕುಡಿದು ತಂಬಿಗೆ ಕೆಳಗಿಟ್ಟೆ. ಆ ದಿನವೂ ಹೇಳಲಿಲ್ಲ. ಆ ದಶಕ ಮುಗಿಯುವುದರೊಳಗೆ ದೊಡ್ಡವ್ವ ಹೋಗಿಬಿಟ್ಟಳು. ನಾನು ಬಡ್ತಿ ಪಡೆದೆ, ಮನೆ ಕಟ್ಟಿದೆ, ಮನೆಯೊಳಗೆ ನಳ ತಂದೆ, ನ್ಯಾಯದ ಬಗ್ಗೆ ಬಹಳ ಕಡೆ ಮಾತನಾಡಿದೆ. ಆದರೆ ಅಹವಾಲು ಕೇಳುವ ಯಾವ ಸಭೆಗೂ, ಹೇಳುವವನಾಗಿ ಮತ್ತೆ ಕಾಲಿಡಲಿಲ್ಲ. ಅಲ್ಲಿ ನಡೆಯುವುದೆಲ್ಲ ನಾಟಕ, ಹೋಗಿ ಪ್ರಯೋಜನವಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ. ನಿಜವೆಂದರೆ ಮೇಜಿನ ಹಿಂದೆ ಬರೆಯುತ್ತ ಕೂತವನ ಮುಖ ನೋಡುವ ಧೈರ್ಯವಿರಲಿಲ್ಲ.

ಹಳದಿ ಕಾಗದವನ್ನು ತುಂಬಿದೆ. ಸೊಸೆ, "ಅಯ್ಯ, ಖರೇನ ಹೊಂಟ್ರೇನ್ರಿ ಮಾಮಾ?" ಎಂದು ಬೆರಗಾದಳು. ಮೂಲೆಯ ನಳದಲ್ಲಿ ನೀರು ಹಿಡಿಯುವವರು ಬಾಡಿಗೆ ಖೋಲಿಗಳ ಹೆಂಗಸರು, ಕಾಯಿಪಲ್ಯ ಮಾರುವವರು. ಅವರಿಗೆ ಬೇರೆ ನೀರಿಲ್ಲ. ಅವರಲ್ಲಿ ನಾಲ್ಕು ಜನ ನನ್ನ ಜೊತೆ ಬಂದರು. ನಾವು ಕೂಡಿಯೇ ಹೋದೆವು, ಯಾರೂ ಮುಂದೆ ಹೋಗಲಿಲ್ಲ.

ನನ್ನ ಹೆಸರು ಕರೆದರು. ಎದ್ದು ನಿಂತು, ಆಗ ದೊಡ್ಡವ್ವನಿಗೆ ಹೇಳಿಕೊಟ್ಟ ಹಾಗೆಯೇ ಮಾತನಾಡಿದೆ. ನೀರು ಯಾರದು, ತೆಗೆದರೆ ಎಲ್ಲಿಗೆ ಹೋಗಬೇಕು, ಮೋಟಾರಿಗೆ ಬೇರೆ ಜಾಗ ಎಲ್ಲಿದೆ. ಮೇಜಿನ ತುದಿಯಲ್ಲಿ ಗಣಕಯಂತ್ರದ ಮುಂದೆ ಒಬ್ಬ ಹುಡುಗಿ ಕೂತಿದ್ದಳು, ಹೊಸದಾಗಿ ಕೆಲಸಕ್ಕೆ ಸೇರಿದವಳಿರಬೇಕು. ನಾನು ಮುಗಿಸಿದಾಗ, "ಆತ್ರಿ ಅಜ್ಜಾರ, ಕೂಡ್ರಿ" ಎಂದಳು.

"ನಾ ಹೇಳಿದ್ದು ಬರಕೊಂಡಿಯಲ್ಲವ್ವಾ?"

"ಹೂಂ, ಬರಕೊಂಡೇನ್ರಿ."

ಆ ಮಾತಿನ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಹಂಗಾದ್ರ ಓದಿ ಹೇಳು," ಎಂದೆ.

ಮೇಜಿನ ಹಿಂದಿದ್ದ ಅಧಿಕಾರಿ ಗಡಿಯಾರ ನೋಡಿ ಮುಂದಿನವರ ಹೆಸರು ಕರೆದರು. ನಾನು ಅಲುಗಾಡಲಿಲ್ಲ. ಹಿಂದಿನ ಬೆಂಚಿನಿಂದ ಕಾಯಿಪಲ್ಯದ ಹೆಂಗಸು, "ಓದ್ರಿ ಬಾಯಾರ, ನಾವೂ ಕೇಳ್ತೀವಿ," ಎಂದಳು. ಹುಡುಗಿಯ ಮುಖ ಕೆಂಪಾಯಿತು. ಬಗ್ಗಿ ನೋಡಿದೆ. ಪರದೆಯ ಮೇಲೆ ನನ್ನ ಹೆಸರಿತ್ತು, ನಮ್ಮಪ್ಪನ ಹೆಸರಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

ನನಗೆ ಆಕೆಯ ಮೇಲೆ ಸಿಟ್ಟು ಬರಲಿಲ್ಲ. "ಹೆದರಬ್ಯಾಡವ್ವಾ," ಎಂದೆ. "ಇನ್ನೊಮ್ಮೆ ಹೇಳ್ತೇನಿ. ಬರಕೋ."

ಮೊದಲಿನಿಂದ ಹೇಳಿದೆ. ಆಕೆ ಬರೆದುಕೊಂಡಳು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಓದಿ ಮುಗಿಸುವ ತನಕ ನಾನು ಕೂತುಕೊಳ್ಳಲಿಲ್ಲ.